ಉದ್ದದ ಜಾಗಕ್ಕೆ ಸೊನ್ನೆ

"ತೂಕ ಮಾಡ್ಕೊ, ಬ್ಯಾಡ ಅನ್ನಾಕಿಲ್ಲ. ಆ ಹಲಗೆ ಮ್ಯಾಲೆ ಮಾತ್ರ ಮಲಗಿಸ್ಬ್ಯಾಡ," ಎಂದಳು ಬೆಳ್ಳಮ್ಮ. ಮೊಮ್ಮಗಳು ಪ್ರೇಕ್ಷಾಳನ್ನು ಸೆರಗಿನೊಳಕ್ಕೆ ಎಳೆದುಕೊಂಡು, ಕೂತಲ್ಲಿಂದಲೇ ಕಾಲು ಚಾಚಿ, ಹಿಮ್ಮಡಿಯಿಂದ ಹಲಗೆಯನ್ನು ಒಂದು ಗೇಣು ಆಚೆಗೆ ತಳ್ಳಿದಳು.

ಮಾನಸಾ ಜಗಲಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಹಲಗೆಯ ಒಂದು ತುದಿಗೆ ಮಗುವಿನ ನೆತ್ತಿ ತಾಗುವ ಪಟ್ಟಿ, ಇನ್ನೊಂದು ಕಡೆ ಪಾದದವರೆಗೆ ಜರುಗಿಸುವ ಪಟ್ಟಿ, ಅಂಚಿನುದ್ದಕ್ಕೂ ಸೆಂಟಿಮೀಟರಿನ ಗೆರೆಗಳು. ಎರಡು ವರ್ಷ ತುಂಬದ ಮಕ್ಕಳನ್ನು ಇದರ ಮೇಲೆ ಅಂಗಾತ ಮಲಗಿಸಿ ಉದ್ದ ನೋಡಬೇಕು. ಹಾಸನದ ಒಂದು ಸಂಸ್ಥೆ ನಾಲ್ಕು ತಾಲ್ಲೂಕುಗಳಲ್ಲಿ ಈ ಕೆಲಸಕ್ಕೆ ಹುಡುಗಿಯರನ್ನು ಹುಡುಕಿದಾಗ, ದಂಡಿಗನಹಳ್ಳಿ ಕಡೆಯ ಕೊಪ್ಪಲುಗಳಿಗೆ ಮಾನಸಾ ಸಿಕ್ಕಿದ್ದಳು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಮಾತು ಕಡಿಮೆ. ಆದರೆ ಮಗುವನ್ನು ಎತ್ತಿಕೊಂಡ ತಕ್ಷಣ ತೂಕ ಇಷ್ಟು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು. ಯಂತ್ರ ತೋರಿಸುವುದಕ್ಕೂ ಅದಕ್ಕೂ ನೂರು ಗ್ರಾಮಿನ ವ್ಯತ್ಯಾಸವೂ ಬರುತ್ತಿರಲಿಲ್ಲ.

"ನೋವಾಗಲ್ಲ ಅಜ್ಜಿ. ಎರಡೇ ನಿಮಿಷ," ಎಂದಳು.

"ನೋವಿನ ಮಾತಲ್ಲ ಕಣವ್ವ." ಬೆಳ್ಳಮ್ಮ ಹಲಗೆಯನ್ನು ನೋಡದೆ ಮಾತಾಡಿದಳು. "ಎಳೇ ಕೂಸ ಅಂಗಾತ ಮಲಗ್ಸಿ ನೆತ್ತಿಯಿಂದ ಹಿಮ್ಮಡಿಗಂಟ ಅಳ್ದಿದ್ದ ನಾನು ಒಂದೇ ಸತಿ ನೋಡಿರೋದು. ನನ್ನ ಮೊದಲ್ನೇ ಮಗೀನ. ಈ ಪ್ರೇಕ್ಷನ ಅಪ್ಪನಿಗಿಂತ ಮುಂಚೆ ಉಟ್ಟಿತ್ತು. ನಮ್ಮ ಮೈದ ಚಿಕ್ಕಬೀರಯ್ಯ ಒಂದು ಕಡ್ಡಿ ತಂದು ಪಕ್ಕಕ್ಕೆ ಮಡಗಿ, ಅಷ್ಟುದ್ದಕ್ಕೆ ಮುರ್ಕೊಂಡ. ಆಮೇಲೆ ಗುದ್ದಲಿ ತಗಂಡು ತ್ವಾಟದ ಬದಿಗೋದ. ಕಡ್ಡಿ ಓಯ್ತು, ಈಗ ನೀನು ಹಲಗೇನೇ ತಂದ್ಬುಟ್ಟಿದ್ದೀಯ."

ಮಾನಸಾ ಮತ್ತೆ ಕೇಳಲಿಲ್ಲ. ಅಂಗಾತ ಮಲಗಿಸಿ ಅಳೆಯುವುದು ಮಣ್ಣಿಗಿಡುವ ಮಕ್ಕಳನ್ನು ಎಂಬ ಈ ಮಾತನ್ನು ಅವಳು ಬೇರೆ ಬೇರೆ ಬಾಯಲ್ಲಿ ಆರು ಮನೆಗಳಲ್ಲಿ ಕೇಳಿದ್ದಳು. ಆ ಆರೂ ಮಕ್ಕಳು ಗುಂಡುಗುಂಡಾಗಿದ್ದವು, ಅಳೆಯದಿದ್ದರೂ ನಡೆಯುತ್ತಿತ್ತು. ಪ್ರೇಕ್ಷಾ ಹಾಗಿರಲಿಲ್ಲ. ಹದಿನಾಲ್ಕು ತಿಂಗಳಾದರೂ ಗೋಡೆ ಹಿಡಿದು ನಿಲ್ಲುತ್ತಿರಲಿಲ್ಲ. ತೊಡೆಯ ಚರ್ಮ ಒಗೆದು ಹಿಂಡಿದ ಬಟ್ಟೆಯಂತೆ ಮಡಿಚಿಕೊಂಡಿತ್ತು. ಯಂತ್ರದ ಮೇಲೆ ಕೂರಿಸಿದರೆ ಅಳಲೂ ಇಲ್ಲ, ಕೆಂಪು ಗುಂಡಿಯನ್ನು ಬೆರಳಿನಿಂದ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಿತು. ಐದು ಕೆಜಿ ಇನ್ನೂರು ಗ್ರಾಂ.

ಫೋನಿನಲ್ಲಿ ಹುಟ್ಟಿದ ದಿನ ತುಂಬಿದಳು, ತೂಕ ತುಂಬಿದಳು. ಉದ್ದದ ಜಾಗ ಖಾಲಿ ಬಿಟ್ಟರೆ ಫೋನು ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ಆಚೆ ಹೋಗಿ ಸಂಸ್ಥೆಯ ಮೇಲ್ವಿಚಾರಕ ಕಾಂತರಾಜುಗೆ ಫೋನು ಮಾಡಿದಳು.

"ಸೊನ್ನೆ ಹಾಕಮ್ಮ, ಮುಂದಕ್ಕೆ ಹೋಗು," ಎಂದರು ಅವರು. "ಹಿಂದಿನ ಮನೆಗಳಿಗೂ ಅದನ್ನೇ ತಾನೆ ಹೇಳಿದ್ದು? ಒಂದೊಂದು ಮನೇಲೂ ಅರ್ಧ ದಿನ ಕೂತ್ಕೊಂಡ್ರೆ ನಿನ್ನ ನಲವತ್ತೆಂಟು ಮಕ್ಕಳು ಯಾವ ಕಾಲಕ್ಕೆ ಮುಗೀತವೆ?"

ಸೊನ್ನೆ ಹಾಕಿದಳು. ಫೋನು ಒಂದು ಕ್ಷಣ ಯೋಚಿಸಿದಂತೆ ಮಾಡಿ, ಪ್ರೇಕ್ಷಾಳ ಹೆಸರಿನ ಮುಂದೆ ಹಸಿರು ಬೊಟ್ಟು ಇಟ್ಟಿತು.

ಆ ಬೊಟ್ಟುಗಳ ಅರ್ಥ ಊರಿಗೇ ಗೊತ್ತಿತ್ತು. ಹಸಿರೆಂದರೆ ಮಗು ಚೆನ್ನಾಗಿದೆ. ಹಳದಿಯೆಂದರೆ ಮೇಲೆ ಕಣ್ಣಿಡಬೇಕು. ಕೆಂಪು ಬಂದರೆ ತಿಂಗಳ ನಾಲ್ಕನೇ ತಾರೀಕು ಸಂಸ್ಥೆಯ ವ್ಯಾನು ಬಂದು ತಾಯಿ ಮಗು ಇಬ್ಬರನ್ನೂ ಹಾಸನಕ್ಕೆ ಕರೆದೊಯ್ದು, ಹದಿನಾಲ್ಕು ದಿನ ಆರೈಕೆಯಲ್ಲಿ ಇಡುತ್ತಿತ್ತು.

"ಯಾವ ಬಣ್ಣ ಬಂತು?" ಎಂದಳು ಬೆಳ್ಳಮ್ಮ.

"ಹಸಿರು."

"ನೋಡ್ದಾ ಮತ್ತೆ. ಪೋನಿಗೇ ಗೊತ್ತು ನಮ್ಮ ಕೂಸು ಎಂಗೈತೆ ಅಂತ." ಅಜ್ಜಿ ಮಗುವಿನ ತಲೆ ನೇವರಿಸಿದಳು. ಅವಳ ಮುಖ ಸಡಿಲವಾದದ್ದನ್ನು ಮಾನಸಾ ನೋಡಿದಳು. ಬಾಯಿ ತೆರೆಯಬೇಕಾದ ಗಳಿಗೆ ಅದೇ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು. ಆದರೆ ಆಗ ಹಲಗೆಯನ್ನು ಚೀಲಕ್ಕೆ ತುರುಕಿ ಎದ್ದು ಬಂದಿದ್ದಳು.

ಪ್ರೇಕ್ಷಾಳ ತಾಯಿ ಪ್ರೇಮಕುಮಾರಿ ಹಾಸನದ ಗಾರ್ಮೆಂಟ್ಸಿಗೆ ಹೋಗುವವಳು. ಗಂಡ ಲಾರಿ ಹತ್ತಿದರೆ ಹದಿನೈದು ದಿನಕ್ಕೊಮ್ಮೆ ಮನೆ. ಬೆಳಿಗ್ಗೆ ಆರಕ್ಕೆ ಕಂಪನಿ ಬಸ್ಸು ಹತ್ತಿ ಸಂಜೆ ಆರೂವರೆಗೆ ಇಳಿಯುವ ಅವಳು ಮಗುವನ್ನು ಬೆಳಕಿನಲ್ಲಿ ಕಾಣುವುದೇ ಭಾನುವಾರ. ಅಂದು ಸಂಜೆ ಬಸ್ಸಿಳಿದವಳು ಮಾನಸಾಳ ಮನೆ ಮುಂದೆಯೇ ನಿಂತಳು.

"ಬಂದಿದ್ಯಂತೆ. ಕೆಂಪು ಬಂತಾ?"

"ಇಲ್ಲ ಅಕ್ಕ. ಹಸಿರು."

ಪ್ರೇಮಕುಮಾರಿ ಫೋನನ್ನು ಇಸಿದುಕೊಂಡು ಆ ಬೊಟ್ಟನ್ನು ದಿಟ್ಟಿಸಿದಳು. "ನಿಜ ಏಳ್ಬೇಕು ಅಂದ್ರೆ, ಕೆಂಪು ಬರ್ಲಿ ಅಂತಾನೇ ಅಂದ್ಕೊಂಡಿದ್ದೆ ಕಣೆ. ನಮ್ಮ ಹೊಲಿಗೆ ಲೈನಲ್ಲಿ ಸಾಲಗಾಮೆ ಕಡೆಯೋಳು ಒಬ್ಳವ್ಳೆ. ಅವ್ಳ ಮಗೀಗೆ ಕೆಂಪು ಬಂದು, ಕಾಗ್ದ ತಂದು ತೋರ್ಸುದ್ಲು, ಹದಿನಾಲ್ಕು ದಿನ ರಜ ಕೊಟ್ರು. ಕಾಗ್ದ ಇಲ್ದೆ ಕೇಳುದ್ರೆ ಮಿಷನ್ನಿಗೆ ಇನ್ನೊಬ್ಳನ್ನ ಕೂರಿಸ್ತಾರೆ, ನಾವು ಮನೇಲೇ ಇರ್ಬೇಕು." ಬೊಟ್ಟಿನ ಮೇಲಿಂದ ಕಣ್ಣು ತೆಗೆಯದೆ, "ನೀನು ಎತ್ಕೊಂಡು ನೋಡ್ದಲ್ಲ. ನಿಂಗೇನನ್ನುಸ್ತು?" ಎಂದಳು.

"ಹಗುರ ಐತೆ ಅಕ್ಕ."

"ಪೋನು ಸರಿ ಇರ್ತದೆ ಬುಡು. ಓದಿರೋರು ಮಾಡಿರೋದು." ಪ್ರೇಮಕುಮಾರಿ ಫೋನು ವಾಪಸು ಕೊಟ್ಟಳು. ಅವಳ ಬೆರಳ ತುದಿಗಳಲ್ಲಿ ನೀಲಿ ಬಟ್ಟೆಯ ಬಣ್ಣ ಹತ್ತಿತ್ತು.

ಮುಂದಿನ ತಿಂಗಳ ಒಂದನೇ ತಾರೀಕು ಸೋಮವಾರ ಹಾಸನದಲ್ಲಿ ಸಭೆ. ಮಹಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ನಾಲ್ಕು ತಾಲ್ಲೂಕಿನ ಹುಡುಗಿಯರು ಗೋಡೆಗೆ ಒರಗಿ ಕುಳಿತಿದ್ದರು. ಎದುರಿನ ಪರದೆಯ ಮೇಲೆ ಸಂಸ್ಥೆಯ ಕಂಪ್ಯೂಟರ್ ಹುಡುಗ ಮೋಹನ್‌ಕುಮಾರ್ ಒಂದು ಪಟ್ಟಿ ಬಿಟ್ಟ. ಒಂದೊಂದು ತಾಲ್ಲೂಕಿನ ಮಕ್ಕಳದೂ ಉದ್ದಕ್ಕೆ ತಕ್ಕ ತೂಕದ ಲೆಕ್ಕ, ಅದರ ಸರಾಸರಿ. ಹಾಸನ, ಹದಿನೈದು ಪಾಯಿಂಟ್ ಎಂಟು. ಅರಕಲಗೂಡು, ಹದಿನೈದು ಪಾಯಿಂಟ್ ಆರು. ಅದರ ಕೆಳಗೆ ಹೊಳೆನರಸೀಪುರದ ಮುಂದೆ ಅಂಕಿಯೇ ಇಲ್ಲ, ಮೂರು ಇಂಗ್ಲಿಷ್ ಅಕ್ಷರ. ಮಾನಸಾಳ ತಾಲ್ಲೂಕು ಚನ್ನರಾಯಪಟ್ಟಣದ ಮುಂದೆ ಒಂದು ಉದ್ದನೆಯ ಇಂಗ್ಲಿಷ್ ಪದ.

"ಇನ್ಫಿನಿಟಿ," ಎಂದು ಯಾರೋ ಓದಿದರು. ಅರಕಲಗೂಡಿನ ಹುಡುಗಿಯರು ಬಾಯಿಗೆ ವೇಲು ಒತ್ತಿಕೊಂಡು ನಕ್ಕರು. ಕಾಂತರಾಜು ನಗಲಿಲ್ಲ. ಹತ್ತನೇ ತಾರೀಕಿಗೆ ಈ ಪಟ್ಟಿ ಸಂಸ್ಥೆಗೆ ಹಣ ಕೊಡುವವರ ಕೈಗೆ ಹೋಗಬೇಕಿತ್ತು.

"ಏನ್ರಮ್ಮ ಇದು? ಸೊನ್ನೆ ಯಾರು ಹಾಕಿದ್ದು?"

ಮಾನಸಾ ತಲೆಯೆತ್ತಿ ಅವರನ್ನು ನೋಡಿದಳು. ಅವರೂ ಅವಳನ್ನೇ ನೋಡುತ್ತಿದ್ದರು. ನೀವೇ ಹೇಳಿದ್ದು ಸಾ ಎನ್ನಬೇಕಿತ್ತು. ಕಣ್ಣು ತಗ್ಗಿಸಿದ್ದು ಅವಳೇ.

"ಹುಡುಗೀರಿಗೆ ಎಷ್ಟು ಹೇಳಿದ್ರೂ ಅಷ್ಟೇ," ಎಂದರು ಕಾಂತರಾಜು.

ಊಟದ ಬಿಡುವಿನಲ್ಲಿ ಮೋಹನ್‌ಕುಮಾರ್ ಅವಳನ್ನು ಕರೆದು ಕಂಪ್ಯೂಟರಿನ ಪಕ್ಕ ಕೂರಿಸಿದ. ಅರಕಲಗೂಡಿನವನು, ಡಿಪ್ಲೊಮಾ ಮಾಡಿದವನು, ಗದರುವ ಸ್ವಭಾವದವನಲ್ಲ. ಏಳು ಹೆಸರುಗಳನ್ನು ತೋರಿಸಿ, "ಇವೆಲ್ಲ ನಿಮ್ಮ ಕಡೆಯವೇ ಅಲ್ವಾ?" ಎಂದ. ಅವಳು ಹಲಗೆಯ ವಿಷಯ ಹೇಳಿದಳು. ಬೆಳ್ಳಮ್ಮನ ಮೊದಲ ಮಗುವಿನ ವಿಷಯ ಹೇಳಲಿಲ್ಲ. ಅದನ್ನು ಈ ಕೋಣೆಯಲ್ಲಿ ಹೇಳಬಾರದು ಅನ್ನಿಸಿತು.

"ಮಗುವಿನ ತೂಕಾನ ಉದ್ದದಿಂದ ಎರಡು ಸಲ ಭಾಗಿಸ್ತೀವಿ. ಸೊನ್ನೆಯಿಂದ ಭಾಗಿಸಬಾರದು ಅಂತ ಸ್ಕೂಲಲ್ಲಿ ಹೇಳಿರ್ತಾರಲ್ಲ?"

"ಹೇಳಿದ್ರು ಸಾ."

"ಪೂರ್ತಿ ಅಂಕಿ ಆಗಿದ್ರೆ ಮಿಷನ್ನು ಅಲ್ಲೇ ನಿಂತು ತಪ್ಪು ಅಂತ ಹೇಳ್ತಿತ್ತು. ಇವು ಪಾಯಿಂಟ್ ಇರೋ ಅಂಕಿ. ಇದರಲ್ಲಿ ನಿಲ್ಲಲ್ಲ. ಇನ್ಫಿನಿಟಿ ಅಂತ ಬರ್ಕೊಂಡು ಮುಂದಕ್ಕೆ ಹೋಗಿಬಿಡುತ್ತೆ. ಅಂದ್ರೆ ಕೊನೆ ಇಲ್ಲದ್ದು, ಯಾವ ಅಂಕಿ ತಂದಿಟ್ರೂ ಅದಕ್ಕಿಂತ ದೊಡ್ಡದು. ಇನ್ನು ನನ್ನ ಪ್ರೋಗ್ರಾಮು ಕೇಳೋದು ಎರಡೇ ಪ್ರಶ್ನೆ. ಹದಿಮೂರಕ್ಕಿಂತ ಕಮ್ಮಿನಾ? ಹೌದು ಅಂದ್ರೆ ಕೆಂಪು. ಹದಿನಾಲ್ಕಕ್ಕಿಂತ ಕಮ್ಮಿನಾ? ಹಳದಿ. ಎರಡಕ್ಕೂ ಇಲ್ಲ ಅಂದ್ರೆ..."

"ಹಸಿರು."

"ಹೂಂ."

"ಅಂದ್ರೆ ಲೆಕ್ಕದಲ್ಲಿ ಪ್ರೇಕ್ಷಾ ಎಲ್ಲಾ ಮಕ್ಕಳಿಗಿಂತ ದಪ್ಪ."

ಮೋಹನ್‌ಕುಮಾರ್ ನಗಲು ಹೋದವನು ಅವಳ ಮುಖ ನೋಡಿ ಪರದೆಯ ಕಡೆ ತಿರುಗಿದ. "ಲೆಕ್ಕದಲ್ಲಿ ಹೌದು," ಎಂದ. ಆಮೇಲೆ, ತಾನೂ ಮಾತು ಮುಂದುವರಿಸಬೇಕೆಂಬಂತೆ, ಹೊಳೆನರಸೀಪುರದ ಮೂರು ಅಕ್ಷರ ತೋರಿಸಿದ. "ಇದು ಇನ್ನೂ ವಿಚಿತ್ರ. ಅಲ್ಲೊಂದು ಮನೆಗೆ ಬೀಗ ಹಾಕಿತ್ತು. ಆ ಹುಡುಗಿ ತೂಕಕ್ಕೂ ಸೊನ್ನೆ, ಉದ್ದಕ್ಕೂ ಸೊನ್ನೆ ಹಾಕಿದಾಳೆ. ಸೊನ್ನೆನ ಸೊನ್ನೆಯಿಂದ ಭಾಗಿಸಿದ್ರೆ ಇದು ಬರುತ್ತೆ. ಇದು ಸಂಖ್ಯೆನೇ ಅಲ್ಲ ಅಂತ ಅರ್ಥ. ಏನು ಕೇಳಿದ್ರೂ ಇಲ್ಲ ಅನ್ನುತ್ತೆ. ಹತ್ತಕ್ಕಿಂತ ಕಮ್ಮಿನಾ? ಇಲ್ಲ. ಜಾಸ್ತಿನಾ? ಇಲ್ಲ. ಹತ್ತೇನಾ? ಅದೂ ಇಲ್ಲ. ಪಟ್ಟಿಯಲ್ಲಿ ಇಂಥದ್ದು ಒಂದಿದ್ರೆ ಸಾಕು, ಇಡೀ ತಾಲ್ಲೂಕಿನ ಸರಾಸರಿ ಕೆಟ್ಟು ಕೂತ್ಕೊಳುತ್ತೆ."

"ಮತ್ತೆ ಹೆಂಗೆ ಹಿಡೀತೀರ ಸಾ ಅದನ್ನ?"

ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲವೇನೋ. ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. "ನೀನು ನಿನಗೇ ಸಮಾನಾ ಅಂತ ಕೇಳಬೇಕು. ಬೇರೆ ಯಾವ ಅಂಕಿ ಆದ್ರೂ ಹೌದು ಅನ್ನುತ್ತೆ. ಇದೊಂದೇ ಅದಕ್ಕೂ ಇಲ್ಲ ಅನ್ನೋದು. ಹಂಗೆ ಅಂದ್ರೆ ಸಿಕ್ತು ಅಂತ."

ಮಾನಸಾ ಅದನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡಳು. "ಸಿಕ್ಕಿದ ಮೇಲೆ ಆ ಮಕ್ಕಳನ್ನ ಕೆಂಪಿಗೆ ಹಾಕ್ತೀರಾ?"

"ಕೆಂಪು ಅಂತ ಹಾಕೋಕೆ ನಮಗೆ ಗೊತ್ತಿಲ್ವಲ್ಲ. ಬೂದು ಬಣ್ಣ ಕೊಡ್ತೀನಿ. ಇವರನ್ನ ಅಳೆದಿಲ್ಲ, ಮತ್ತೆ ಹೋಗಿ ಅಂತ."

ಹಿಂದಿನಿಂದ ಕಾಂತರಾಜು ಬಂದು ನಿಂತಿದ್ದರು. ಕೈಯಲ್ಲಿ ಮೊಸರನ್ನದ ತಟ್ಟೆ. "ಬೂದು ಗೀದು ಬೇಡಪ್ಪ. ಬೂದು ಕಂಡ್ರೆ, ಯಾಕೆ ಅಳೆದಿಲ್ಲ ಅಂತ ನಮ್ಮನ್ನೇ ಹಿಡ್ಕೊತಾರೆ. ಸಂಖ್ಯೆ ಅಲ್ಲದ್ದು, ಕೊನೆ ಇಲ್ಲದ್ದು ಯಾವುದೇ ಬಂದ್ರೂ ಪಟ್ಟಿಯಿಂದ ಬಿಟ್ಟುಬಿಡು ಅಂತ ಒಂದು ಸಾಲು ಬರಿ. ಆಗುತ್ತೋ ಇಲ್ವೋ?"

"ಆಗುತ್ತೆ. ಆದ್ರೆ..."

"ಹತ್ತನೇ ತಾರೀಕು ಕಳೀಲಿ, ಆಮೇಲೆ ನೋಡೋಣ."

ಮೋಹನ್‌ಕುಮಾರ್ ಆ ಒಂದು ಸಾಲು ಬರೆದ. ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಪಟ್ಟಿ ಮತ್ತೆ ಮೂಡಿದಾಗ ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ಚೊಕ್ಕವಾದ ಅಂಕಿಗಳು ಬಂದಿದ್ದವು.

"ಬಿಟ್ಟುಬಿಟ್ರೆ ಅವು ಎಲ್ಲಿಗೆ ಹೋಗ್ತವೆ ಸಾ?" ಎಂದಳು ಮಾನಸಾ. ಕಾಂತರಾಜು ಆಗಲೇ ತಟ್ಟೆ ತೊಳೆಯಲು ಹೊರಟಿದ್ದರು.

ಬಸ್ಸಿನಲ್ಲಿ ಬರುತ್ತಾ ಫೋನು ತೆರೆದಳು. ಅವಳ ಹೆಸರಿನ ಕೆಳಗೆ ನಲವತ್ತೊಂದು ಮಕ್ಕಳು. ಕಳೆದ ತಿಂಗಳ ಅಳತೆ ಶೇಕಡಾ ನೂರು ಎಂದು ಮೇಲೆ ಬರೆದಿತ್ತು, ಪಕ್ಕದಲ್ಲಿ ಒಂದು ನಕ್ಷತ್ರ. ಪ್ರೇಕ್ಷಾ ಎಂದು ಹುಡುಕಿದಳು. ಆ ಹೆಸರಿನ ಮಗು ಇಲ್ಲ ಎಂದಿತು ಫೋನು. ಮೊನ್ನೆಯವರೆಗೆ ಸುಳ್ಳು ಬಣ್ಣವಾದರೂ ಇತ್ತು. ಇವಳು ಬಾಯಿಬಿಟ್ಟು ಏಳು ಹೆಸರನ್ನೂ ಹೌದೆಂದು ತೋರಿಸಿಕೊಟ್ಟ ಮೇಲೆ ಅದೂ ಹೋಯಿತು.

ಮರುದಿನ ಮಧ್ಯಾಹ್ನ ಹಲಗೆಯನ್ನು ಮನೆಯಲ್ಲೇ ಬಿಟ್ಟು, ಹೂ ಕಟ್ಟುವ ಬಿಳಿ ದಾರದ ಉಂಡೆಯೊಂದನ್ನು ಹಿಡಿದುಕೊಂಡು ಬೆಳ್ಳಮ್ಮನ ಮನೆಗೆ ಹೋದಳು. ಮಗು ನಡುಮನೆಯ ಚಾಪೆಯ ಮೇಲೆ ನಿದ್ದೆಯಲ್ಲಿತ್ತು. ಬೆಳ್ಳಮ್ಮ ಹಿತ್ತಲಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದ ಸದ್ದು. ಮಾನಸಾ ದಾರದ ತುದಿಗೆ ಗಂಟು ಹಾಕಿ ನೆತ್ತಿಯ ಹತ್ತಿರ ಹಿಡಿದಳು. ಮಡಿಚಿದ ಮಂಡಿಗಳನ್ನು ಒಂದೊಂದಾಗಿ ನೇರ ಮಾಡಿದಳು. ಅವು ಅವಳ ಅಂಗೈಯಲ್ಲಿ ಸ್ವಲ್ಪವೂ ಸೆಟೆಯಲಿಲ್ಲ. ಹಿಮ್ಮಡಿಯ ಹತ್ತಿರ ಎರಡನೇ ಗಂಟು ಬಿಗಿಯುವಾಗ ಬಾಗಿಲಲ್ಲಿ ನೆರಳು ಬಿತ್ತು.

ಬೆಳ್ಳಮ್ಮ ಕೈಗೆ ಮೆತ್ತಿದ ಬೂಸಾ ತೊಳೆಯದೆಯೇ ನಿಂತಿದ್ದಳು. ಬೈಯುತ್ತಾಳೆ ಎಂದು ಮಾನಸಾ ಕಾದಳು.

"ಎಷ್ಟೈತೆ?" ಎಂದಳು ಅಜ್ಜಿ.

ಮಾನಸಾ ಚೀಲದಿಂದ ಟೇಪು ತೆಗೆದು ದಾರವನ್ನು ಅದರ ಪಕ್ಕಕ್ಕೆ ಹಿಡಿದಳು. "ಅರವತ್ತಾರು."

"ಅಂಗಂದ್ರೆ?"

"ಉದ್ದಕ್ಕೆ ತಕ್ಕ ತೂಕ ಇಲ್ಲ ಅಜ್ಜಿ. ಏನೇನೂ ಇಲ್ಲ. ಅವತ್ತು ಫೋನು ಹೇಳಿದ್ದು ಸುಳ್ಳು. ನಾನು ಸೊನ್ನೆ ಹಾಕಿದ್ದೆ."

ಬೆಳ್ಳಮ್ಮ ಮಗುವಿನ ಪಕ್ಕ ಕುಳಿತು, ನೇರವಾಗಿದ್ದ ಕಾಲುಗಳನ್ನು ಮತ್ತೆ ಮೊದಲಿನಂತೆ ಮಡಿಸಿದಳು. "ಆಗ್ಲೇ ಏಳ್ಬಾರ್ದಿತ್ತಾ ಮಗ," ಎಂದಳು. ಆಮೇಲೆ, "ಆ ದಾರ ಮಡಿಕ್ಕಬ್ಯಾಡ. ಒಲೆಗಾಕ್ಬುಡು."

"ಹೂಂ ಅಜ್ಜಿ."

ಆದರೆ ಹಾಕಲಿಲ್ಲ. ಸಂಖ್ಯೆಯೊಂದು ಬೇಕೆಂದು ಕೇಳುವವರಿಗೆ ತೋರಿಸಲು ಅವಳ ಹತ್ತಿರ ಇದ್ದದ್ದು ಅದೊಂದೇ. ಸುತ್ತಿ ಚೀಲದ ಒಳಜೇಬಿಗಿಟ್ಟುಕೊಂಡು ಮೋಹನ್‌ಕುಮಾರ್‌ಗೆ ಫೋನು ಮಾಡಿದಳು. ಆ ಕಡೆ ಗುಂಡಿಗಳನ್ನು ಒತ್ತುವ ಸದ್ದು ಕೇಳಿಸಿತು.

"ಹನ್ನೆರಡಕ್ಕೂ ಕೆಳಗೆ ಬರುತ್ತೆ," ಎಂದ ಅವನು. "ಕೆಂಪು. ಆದ್ರೆ ಪಟ್ಟಿಗೆ ಬೀಗ ಹಾಕಿಬಿಟ್ಟಿದೀವಿ ಮಾನಸಾ. ಹತ್ತನೇ ತಾರೀಕಿನವರೆಗೂ ಹೊಸ ಹೆಸರು ತಗೊಳ್ಳಲ್ಲ. ಕಾಂತರಾಜು ಸಾರ್‌ಗೆ ಹೇಳ್ತೀನಿ. ಖಂಡಿತ ಹೇಳ್ತೀನಿ."

ಹೇಳಿದನೋ ಇಲ್ಲವೋ. ನಾಲ್ಕನೇ ತಾರೀಕು ಗುರುವಾರ ವ್ಯಾನು ಬಂತು. ಪಕ್ಕದ ಊರಿನ ಎರಡು ಮಕ್ಕಳನ್ನು, ಅವರ ತಾಯಂದಿರನ್ನು ಹತ್ತಿಸಿಕೊಂಡಿತ್ತು. ಮಾನಸಾ ಕಿಟಕಿಯ ಹತ್ತಿರ ಹೋಗಿ, "ಇಲ್ಲಿ ಇನ್ನೊಂದು ಮಗು ಐತೆ ಅಣ್ಣ," ಎಂದಳು.

ಡ್ರೈವರ್ ಮಡಿಚಿದ ಹಾಳೆ ಬಿಡಿಸಿ ಬೆರಳಾಡಿಸಿದ. "ಹೆಸ್ರಿಲ್ವಲ್ಲಮ್ಮ. ಹೆಸ್ರಿಲ್ಲದ ಮಗೀನ ಕರ್ಕೊಂಡೋದ್ರೆ ನನ್ನೇ ವಾಪಸ್ ಕಳಿಸ್ತಾರೆ." ದಾರವನ್ನು ಅವನಿಗೆ ತೋರಿಸಬೇಕೆಂದು ಚೀಲದೊಳಗೆ ಕೈ ಹಾಕಿದಳು. ಅದು ಎಂಥ ಹುಚ್ಚುತನವಾಗಿ ಕಂಡೀತು ಎಂದು ಹೊಳೆದು ಕೈ ಅಲ್ಲೇ ನಿಂತಿತು. ವ್ಯಾನು ಹೊರಟಿತು.

ಸಂಜೆ ಪ್ರೇಮಕುಮಾರಿಗೆ ಎಲ್ಲವನ್ನೂ ಹೇಳಿದಳು. ಒಂದೇ ಉಸಿರಿಗೆ, ನೆಲ ನೋಡಿಕೊಂಡು ಹೇಳಿದಳು. ಅಷ್ಟು ಮಾತನ್ನು ಅವಳು ಯಾರೆದುರೂ ಆಡಿದವಳಲ್ಲ.

"ಅಂಗಾರೆ ಆ ಅಸ್ರು..." ಎಂದು ನಿಲ್ಲಿಸಿದಳು ಪ್ರೇಮಕುಮಾರಿ. ಬೈಯಲಿಲ್ಲ. ಬೈಯಲು ಬೇಕಾದ ಕಸುವೂ ಕಂಪನಿಯಲ್ಲೇ ಮುಗಿದು ಹೋಗಿತ್ತೇನೋ. "ಈ ವಾರ ಒಂದು ಆರ್ಡರ್ ಐತೆ, ಒಬ್ರನ್ನೂ ಬುಡ್ತಿಲ್ಲ. ಶನಿವಾರ ಅರ್ಧ ದಿನ ಕೇಳ್ತೀನಿ. ನಾನೇ ಆಸ್ಪತ್ರೆಗೆ ಕರ್ಕೊಂಡೋಯ್ತೀನಿ. ಕಾಗ್ದ ಇಲ್ದಿದ್ರೂ ಸರಿ, ಮಿಷನ್ ಓದ್ರೂ ಓಗ್ಲಿ."

ಶುಕ್ರವಾರ ಮಗುವಿಗೆ ಭೇದಿ ಹತ್ತಿತು.

ಶನಿವಾರ ಇಳಿಹೊತ್ತಿನಲ್ಲಿ ಮಾನಸಾ ಅಂಗಳದ ಕಲ್ಲಿನ ಮೇಲೆ ಪಾತ್ರೆ ಬೆಳಗುತ್ತಿದ್ದಳು. ಬೇಲಿಯ ಹತ್ತಿರ ಯಾರೋ ಕೆಮ್ಮಿದಂತಾಯಿತು. ಬೆಳ್ಳಮ್ಮನ ಮೈದುನ ಚಿಕ್ಕಬೀರಯ್ಯ. ಎಪ್ಪತ್ತು ದಾಟಿದ ಮುದುಕ. ತಲೆಗೆ ಸುತ್ತಿರಬೇಕಾದ ವಲ್ಲಿಬಟ್ಟೆ ಕೈಯಲ್ಲಿತ್ತು, ಹೆಗಲ ಮೇಲೆ ಗುದ್ದಲಿ. ಗುದ್ದಲಿಯನ್ನು ಕಂಡೇ ಅವಳು ಎದ್ದು ನಿಂತಳು.

"ಆಸ್ನಕ್ಕೋಗೋ ಬಸ್ಸಲ್ಲೇ ಕಣವ್ವ," ಎಂದ ಅವನು. "ಶಾಂತಿಗ್ರಾಮ ದಾಟಿರ್ನಿಲ್ವಂತೆ. ಅಂಗೇ ಇಳ್ದು, ಈ ಕಡೆ ಬಸ್ಸತ್ಕೊಂಡು ಬಂದ್ಲು ನಮ್ಮ ಸೊಸೆ, ಕೂಸ ಎತ್ಕೊಂಡು."

ನಲ್ಲಿಯ ನೀರು ತಪ್ಪಲೆ ತುಂಬಿ ಹರಿಯುತ್ತಿತ್ತು. ಅವಳು ಬಗ್ಗಿ ಅದನ್ನು ನಿಲ್ಲಿಸಿದಳು.

"ಅತ್ತಿಗೆ ಕಳಿಸ್ತು," ಎಂದ ಚಿಕ್ಕಬೀರಯ್ಯ. "ನಿನ್ತಾವ ಅಳ್ತೆ ಐತಂತಲ್ಲ. ದಾರದ್ದು. ಸುಟ್ಟಾಕಿರ್ತಾಳೆ ಅಂತಂದೆ. ಇಲ್ಲ, ಆ ಉಡುಗಿ ಸುಟ್ಟಿರಾಕಿಲ್ಲ, ಓಗಿ ಕೇಳು ಅಂತು. ಕೂಸ ಇನ್ನೊಂದ್ಸತಿ ಮಲಗ್ಸಿ ಅಳಿಯೋದು ಬ್ಯಾಡ ಅಂತ."

ಮಾನಸಾ ಒಳಗೆ ಹೋದಳು. ಗೂಟಕ್ಕೆ ನೇತುಹಾಕಿದ್ದ ಚೀಲದ ಒಳಜೇಬಿನಲ್ಲಿ ದಾರ ಇಟ್ಟ ಹಾಗೇ ಇತ್ತು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಅದನ್ನು ತಂದು ಮುದುಕನ ಅಂಗೈಯಲ್ಲಿಟ್ಟಳು. ಅವನು ಅದನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿದ.

ಬೀದಿಯ ತಿರುವಿನಲ್ಲಿ ಹುಣಸೆಮರದ ಕೆಳಗೆ ಅವನು ನಿಂತದ್ದು ಅವಳಿಗೆ ಕಾಣುತ್ತಿತ್ತು. ಗುದ್ದಲಿಯನ್ನು ಹೆಗಲಿಂದ ಇಳಿಸಿ, ನೆಲಕ್ಕೂರಿ, ದಾರ ಬಿಡಿಸಿದ. ಒಂದು ಗಂಟನ್ನು ಗುದ್ದಲಿಯ ಮರದ ಕಾವಿನ ಬುಡಕ್ಕೆ ಒತ್ತಿ ಹಿಡಿದು, ದಾರವನ್ನು ಕಾವಿನುದ್ದಕ್ಕೆ ಮೇಲಕ್ಕೆ ಎಳೆದ. ಇನ್ನೊಂದು ಗಂಟು ಬಂದಲ್ಲಿ ಹೆಬ್ಬೆರಳಿಟ್ಟು ನಿಂತ. ಅವನ ಬೆರಳಿನಿಂದಾಚೆಗೆ ಕಾವು ಇನ್ನೂ ಬಹಳ ಉಳಿದಿತ್ತು.